ಕರಟ ಒಡೆದ ಮೇಲೆ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಜನರಿಗೆ ಉಂಡೆ ಕೊಬ್ಬರಿ ಆಗುವ ಬಗೆಯನ್ನು ಹೇಳಿಕೊಡಬೇಕಿಲ್ಲ. ಬಲಿತ ಕಾಯಿ ಅಟ್ಟ ಸೇರುತ್ತದೆ. ತಿಂಗಳುಗಟ್ಟಲೆ ಅಲ್ಲೇ ಕೂತು ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಗುಡುಗುಡು ಎನ್ನುವ ತನಕ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಬಿರುಕಿಲ್ಲದ ಕರಟದೊಳಕ್ಕೆ ಹೊರಗಿನ ಬ್ಯಾಕ್ಟೀರಿಯಾಕ್ಕೂ ದಾರಿಯಿಲ್ಲ. ತೆಂಗಿನ ಪುಡಿಯ ಕೆಲಸ ಹಾಗಲ್ಲ. ಅಲ್ಲಿ ಹಸಿ ಕಾಯಿಯ ಕರಟ ಬಿಡಿಸಿ, ಕಂದು ಸಿಪ್ಪೆ ಹೆರೆದು, ತೊಳೆದು, ತುರಿದು, ಆಮೇಲೆ ಒಣಗಿಸುತ್ತಾರೆ. ಕೈ, ಕತ್ತಿ, ನೀರು, ಬುಟ್ಟಿ ಎಲ್ಲವೂ ತಿರುಳನ್ನು ಮುಟ್ಟುತ್ತವೆ. ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ನೆಲೆಯೂರುವುದನ್ನು ಚರ್ಚಿಸಲು ಸೇರಿದವರ ಮುಂದೆ ಅಟ್ಟದ ಮಾತೇಕೆ ಎಂದು ನೀವು ಕೇಳಬಹುದು. ಕರುಳಿನೊಳಗೆ ಅದು ನಡೆಸುವ ಸಂಸಾರ ಅರ್ಥವಾದಷ್ಟೂ, ಅದನ್ನು ತಡೆಯುವ ಜಾಗ ಕರುಳಲ್ಲ, ಕರಟ ಒಡೆಯುವ ಕೋಣೆ ಎಂಬುದು ಸ್ಪಷ್ಟವಾಗುತ್ತದೆ. ನನ್ನ ವಾದ ಇಷ್ಟೆ.

ಆರೋಗ್ಯವಂತರ ಕರುಳಿನಲ್ಲಿ ಖಾಲಿ ಜಾಗವಿಲ್ಲ. ಹುಟ್ಟಿನಿಂದ ಜೊತೆಗಿರುವ ನೂರಾರು ಬಗೆಯ ಬ್ಯಾಕ್ಟೀರಿಯಾಗಳು ಅಲ್ಲಿನ ಅನ್ನವನ್ನೂ ನೆಲವನ್ನೂ ಹಂಚಿಕೊಂಡಿರುತ್ತವೆ. ಹೊಸಬ ಬಂದರೆ ಹಸಿದು ಹೊರಹೋಗಬೇಕು. ಈ ಕಾವಲಿನ ಬಲ ಎಷ್ಟೆಂಬುದನ್ನು 1954ರಲ್ಲಿ ಬೋನಾಫ್, ಮಿಲ್ಲರ್ ಮತ್ತು ಸಂಗಡಿಗರು ತೋರಿಸಿದರು. ಸಾಧಾರಣ ಇಲಿಗೆ ಸೋಂಕು ತಗುಲಿಸಲು ಸುಮಾರು ಒಂದು ಲಕ್ಷ ಸಾಲ್ಮೊನೆಲ್ಲಾ ಬೇಕಾಗುತ್ತಿತ್ತು. ಮೊದಲೇ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಕುಡಿಸಿದ ಇಲಿಗೆ ಹತ್ತಕ್ಕಿಂತ ಕಡಿಮೆ ಸಾಕಾಯಿತು. ಔಷಧಿ ಕಾವಲಿನವರನ್ನೇ ಕೊಂದಿತ್ತು.

ಆದರೆ ಆಂಟಿಬಯಾಟಿಕ್ ಮುಟ್ಟದವರಿಗೂ ಭೇದಿ ಆಗುತ್ತದಲ್ಲ? ಅಲ್ಲಿ ಸಾಲ್ಮೊನೆಲ್ಲಾ ಹೂಡುವ ಆಟ ವಿಚಿತ್ರ. ಅದರ ಮೈಮೇಲೆ ಸೂಜಿಯಂಥ ಸಲಕರಣೆಯಿದೆ. ಅದರ ಮೂಲಕ ಕರುಳಿನ ಗೋಡೆಯ ಜೀವಕೋಶದೊಳಕ್ಕೆ ತನ್ನ ಪ್ರೋಟೀನುಗಳನ್ನು ಚುಚ್ಚಿ, ಆ ಕೋಶವೇ ತನ್ನನ್ನು ಒಳಗೆ ಎಳೆದುಕೊಳ್ಳುವಂತೆ ಮಾಡುತ್ತದೆ. ಒಳಹೊಕ್ಕವುಗಳಲ್ಲಿ ಬಹುಪಾಲು ಸಾಯುತ್ತವೆ. ಆದರೆ ಅವು ಎಬ್ಬಿಸಿದ ಉರಿಯೂತ ಹೊರಗುಳಿದ ತಮ್ಮವರಿಗೆ ಹಬ್ಬವಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೋಜನ್ ಸಲ್ಫೈಡ್ ವಿಷ. ಗೋಡೆಯ ಕೋಶಗಳು ಅದನ್ನು ಥಯೋಸಲ್ಫೇಟ್ ಆಗಿ ಬದಲಿಸಿ ಪಾರಾಗುತ್ತವೆ. ಉರಿಯೂತದಲ್ಲಿ ನುಗ್ಗಿಬಂದ ಬಿಳಿ ರಕ್ತಕಣಗಳು ಶತ್ರುವಿನ ಮೇಲೆ ಉಗುಳುವ ಆಮ್ಲಜನಕದ ಉಗ್ರ ರೂಪಗಳು ಆ ಥಯೋಸಲ್ಫೇಟನ್ನು ಟೆಟ್ರಾಥಯೋನೇಟ್ ಮಾಡಿಬಿಡುತ್ತವೆ. ಗಾಳಿಯಿಲ್ಲದ ಕರುಳಿನಲ್ಲಿ ಸಾಲ್ಮೊನೆಲ್ಲಾ ಅದನ್ನೇ ಉಸಿರಾಡುತ್ತದೆ. ಬರೀ ಹುದುಗಿಸಿಕೊಂಡು ಬದುಕುವ ನೆರೆಯವರಿಗೆ ಆ ಭಾಗ್ಯವಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಬಾಯ್ಮ್ಲರ್ ಅವರ ತಂಡ ಇದನ್ನು ಪ್ರಕಟಿಸಿದ್ದು 2010ರಲ್ಲಿ. ತಮಾಷೆಯೆಂದರೆ, ಮಲದ ಮಾದರಿಯಲ್ಲಿ ಸಾಲ್ಮೊನೆಲ್ಲಾ ಒಂದನ್ನೇ ಬೆಳೆಸಿಕೊಳ್ಳಲು ಪ್ರಯೋಗಾಲಯದವರು 1923ರಿಂದ ಟೆಟ್ರಾಥಯೋನೇಟ್ ಸಾರನ್ನೇ ಬಳಸುತ್ತಿದ್ದರು. ನಾವು ಬಾಟಲಿಯಲ್ಲಿ ಬಡಿಸುತ್ತಿದ್ದ ಊಟವನ್ನು ಅದು ನಮ್ಮ ಹೊಟ್ಟೆಯಲ್ಲೇ ಅಡುಗೆ ಮಾಡಿಸಿಕೊಳ್ಳುತ್ತಿತ್ತು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಉರಿಯೂತವೇ ಅದರ ಬಂಡವಾಳವಾದರೆ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಕರುಳಿನಲ್ಲಿ ಅಷ್ಟು ಸದ್ದಿಲ್ಲದೆ ನುಸುಳುವುದು ಹೇಗೆ? ಆಕ್ಷೇಪ ನಿಜ, ಆದರೆ ಅದು ವಾದಕ್ಕೆ ಊರುಗೋಲೇ ಆಗುತ್ತದೆ. ಟೈಫಿಯಲ್ಲಿ ಟೆಟ್ರಾಥಯೋನೇಟ್ ಬಳಸುವ ಜೀನು ಕೆಟ್ಟುಹೋಗಿದೆ. ಗದ್ದಲ ಮಾಡದವನಿಗೆ ಗದ್ದಲದ ಲಾಭವೂ ಬೇಕಿಲ್ಲ. ಅದು ಹೊರಕವಚ ಹೊದ್ದು ರಕ್ಷಣಾ ವ್ಯವಸ್ಥೆಯ ಕಣ್ಣು ತಪ್ಪಿಸಿ, ಪಿತ್ತಕೋಶ ಸೇರಿ, ಕಲ್ಲುಗಳಿದ್ದರೆ ಅವುಗಳ ಮೇಲೆ ಪಾಚಿಯಂತೆ ಪದರ ಕಟ್ಟಿ ವರ್ಷಗಟ್ಟಲೆ ಉಳಿಯುತ್ತದೆ. ಅಲ್ಲಿಂದ ಪಿತ್ತರಸದ ಜೊತೆ ಆಗಾಗ ಕರುಳಿಗೆ ಇಳಿಯುತ್ತದೆ. ದಾರಿ ಎರಡು, ಫಲ ಒಂದೇ: ಒಮ್ಮೆ ನೆಲೆಯೂರಿದ ಮೇಲೆ ಅದು ನಮ್ಮ ರಕ್ಷಣೆಯ ನಡೆಯನ್ನು ಮೀರಿರುತ್ತದೆ. ಹಾಗಾದರೆ ಮಾತ್ರೆ ನುಂಗಿ ತೊಳೆದುಬಿಡೋಣ ಎನ್ನುವವರು 1969ರ ಆಸರ್ಕಾಫ್ ಮತ್ತು ಬೆನೆಟ್ ಅವರ ವರದಿ ನೋಡಬೇಕು. ಸಾಲ್ಮೊನೆಲ್ಲಾ ಭೇದಿಗೆ ಆಂಟಿಬಯಾಟಿಕ್ ತೆಗೆದುಕೊಂಡವರ ಮಲದಲ್ಲಿ ಅದು, ತೆಗೆದುಕೊಳ್ಳದವರಿಗಿಂತ ಹೆಚ್ಚು ದಿನ ಕಾಣಿಸಿಕೊಂಡಿತು. ಟೈಫಾಯ್ಡ್‌ಗೆ, ರಕ್ತಕ್ಕೆ ಇಳಿದ ಸೋಂಕಿಗೆ, ಎಳೆಗೂಸುಗಳಿಗೆ ಔಷಧಿ ಬೇಕೇ ಬೇಕು. ಸಾಧಾರಣ ಭೇದಿಗೆಲ್ಲ ಅಂಗಡಿಯಿಂದ ಮಾತ್ರೆ ತರುವುದು ಕಾವಲಿನವರನ್ನು ಕಳಿಸಿ ಬಾಗಿಲು ತೆರೆದಿಟ್ಟಂತೆ.

ಇನ್ನು ನಮ್ಮ ಸೀಮೆಯಲ್ಲಿ ಏಳುವ ಪ್ರಶ್ನೆ: ಒಣ ಪುಡಿಯಲ್ಲಿ ಕ್ರಿಮಿ ಬದುಕುತ್ತದೆಯೇ? ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಸಾಯದೆ ಕಾಯುತ್ತದೆ. 1953ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಟೈಫಾಯ್ಡ್ ಹರಡಿದಾಗ ಮೂಲ ಪಾಪುವಾದಿಂದ ಬಂದ ತೆಂಗಿನ ಪುಡಿ ಎಂದು ಗೊತ್ತಾಯಿತು. ಕೆಲವು ವರ್ಷಗಳಲ್ಲಿ ಸಿಲೋನಿನ ಪುಡಿ ಇಂಗ್ಲೆಂಡಿನಲ್ಲಿ ಸಾಲ್ಮೊನೆಲ್ಲಾ ಭೇದಿ ತಂದಿತು. ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ಕೊಬ್ಬು ಹೆಚ್ಚಿರುವ ಚಾಕಲೇಟಿನಂಥ ತಿನಿಸುಗಳಲ್ಲಿ ತೀರ ಕಡಿಮೆ ಸಂಖ್ಯೆಯ ಸಾಲ್ಮೊನೆಲ್ಲಾವೂ ಜನರನ್ನು ಮಲಗಿಸಿದೆ. ಜಿಡ್ಡು ಅದನ್ನು ಜಠರದ ಹುಳಿಯಿಂದ ಕಾಪಾಡುವುದೇ ಕಾರಣ ಎಂಬುದು ಸಾಮಾನ್ಯ ಅಭಿಪ್ರಾಯ. ಒಣಗಿಸುವ ಬಿಸಿಗಾಳಿಯೇ ಸಾಲದೆ ಎಂದರೆ, ಸಾಲದು. ತೇವ ಕಳೆದುಕೊಂಡಷ್ಟೂ ಈ ಜೀವಿ ಶಾಖಕ್ಕೆ ಜಗ್ಗುವುದಿಲ್ಲ. ಅದು ತೇವದಲ್ಲಿರುವಾಗಲೇ ಸುಡಬೇಕು. ಹಸಿ ತಿರುಳಿನಲ್ಲಿ ಸಾಲ್ಮೊನೆಲ್ಲಾ ಚೆನ್ನಾಗಿಯೇ ಬೆಳೆಯುತ್ತದೆ, ಆದರೆ ತಿರುಳನ್ನು 80 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 8ರಿಂದ 10 ನಿಮಿಷ ಇಟ್ಟರೆ ಸಾಯುತ್ತದೆ ಎಂಬುದು 1967ರಲ್ಲೇ ಪ್ರಕಟವಾದ ವಿಚಾರ.

ಬಿಸಿನೀರಿನ ತೊಟ್ಟಿ ಇಟ್ಟೂ ಸೋಲಬಹುದು, ಹಸಿ ಕೋಣೆಯ ಬುಟ್ಟಿ ಒಣ ಕೋಣೆಗೆ ಹೋದರೆ. ಕೈಗಳ ಮಾತು ಇನ್ನೂ ಕಷ್ಟದ್ದು. ಆಹಾರ ಸುರಕ್ಷತಾ ನಿಯಮ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕೇಳುತ್ತದೆ. ಆದರೆ ಪಿತ್ತಕೋಶದಲ್ಲಿ ಟೈಫಿ ಇಟ್ಟುಕೊಂಡವರಿಗೆ ಜ್ವರವಿಲ್ಲ, ನೋವಿಲ್ಲ, ಮಲದಲ್ಲೂ ಅದು ದಿನಾ ಸಿಗುವುದಿಲ್ಲ. ಒಂದು ಸಲದ ಪರೀಕ್ಷೆ ಅವರನ್ನು ಹಿಡಿಯದು, ಹಲವು ಸಲ ಮಾಡಬೇಕು. ಪರೀಕ್ಷೆಯ ದಿನದ ಕೂಲಿ ಹೋಗುತ್ತದೆಂದರೆ ಕರಟ ಬಿಡಿಸುವ ಹೆಣ್ಣುಮಗಳು ಮಾದರಿ ಕೊಡಲು ಬರುವುದಿಲ್ಲ. ಸೋಂಕಿದೆಯೆಂದು ತಿಳಿದರೆ ಕೆಲಸವೇ ಹೋಗುತ್ತದೆಂದರೆ ಯಾರೂ ಬರುವುದಿಲ್ಲ. ಆ ಕೂಲಿಯನ್ನು ಯಾರು ತುಂಬಿಕೊಡಬೇಕು ಎಂಬುದನ್ನು ಸೂಕ್ಷ್ಮಜೀವಿ ವಿಜ್ಞಾನದ ಹೊರಗಿನ ಮಾತೆಂದು ಬದಿಗಿಡದೆ, ಇವತ್ತಿನ ಮೊದಲ ಗೋಷ್ಠಿಯಲ್ಲೇ ಎತ್ತಿಕೊಳ್ಳಿ.