ಭಾರ ಹೊರುವ ಗೋಪುರಗಳು



ಗೋಪುರವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಘಂಟೆಯ ಗೋಪುರ. ದೂರಕ್ಕೆ ಕಾಣಲೆಂದು, ದೂರಕ್ಕೆ ಕೇಳಲೆಂದು ಕಟ್ಟಿದ್ದು. ಆದರೆ ಮತ್ತೊಂದು ಕಟ್ಟಡವನ್ನು ಎತ್ತಿಹಿಡಿಯುವುದಕ್ಕಾಗಿಯೇ ನಿಲ್ಲಿಸಿದ ಗೋಪುರಗಳೂ ಉಂಟು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ತೂಗುಸೇತುವೆಯ ಜೋಡಿ ಗೋಪುರಗಳು ಅಂಥವು.

ಸುಮಾರು 276 ಅಡಿ ಎತ್ತರದ ಆ ಕಲ್ಲಿನ ಗೋಪುರಗಳಲ್ಲಿ, ಹಳೆಯ ದೇವಾಲಯಗಳಲ್ಲಿರುವಂತೆ, ಚೂಪು ತುದಿಯ ಕಮಾನುಗಳಿವೆ. ನೋಡುವವರು ಕಮಾನನ್ನು ಮೆಚ್ಚುತ್ತಾರೆ. ನಿಜವಾದ ಕೆಲಸ ನಡೆಯುವುದು ನೆತ್ತಿಯ ಮೇಲೆ. ನಾಲ್ಕು ಉಕ್ಕಿನ ಹಗ್ಗಗಳು ಅಲ್ಲಿ ಬಾಗಿ ಹಾಯುತ್ತವೆ. ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಕವಲುಕೋಲು ಕೊಡುವುದಿಲ್ಲವೇ, ಹಾಗೆಯೇ. ಹಗ್ಗದ ತುದಿಗಳನ್ನು ಎರಡೂ ದಡದ ಕಲ್ಲುಕಟ್ಟೆಗಳು ಬಿಗಿಹಿಡಿದಿವೆ. ಗೋಪುರದ ಪಾಲಿಗೆ ಬರುವುದು ಬಹುತೇಕ ಕೆಳಮುಖದ ಒತ್ತಡ. ಕಲ್ಲು ಎಳೆತಕ್ಕೆ ಸೋಲುತ್ತದೆ, ಒತ್ತಡಕ್ಕೆ ಸುಲಭವಾಗಿ ಸೋಲದು.

ಆ ಒತ್ತಡವೆಲ್ಲ ಕೊನೆಗೆ ನೀರಿನಡಿಯ ನೆಲಕ್ಕೆ ಇಳಿಯಬೇಕು. ತೊಡಕು ಇದ್ದದ್ದು ಅಲ್ಲಿಯೇ. ಯೋಜನೆಯನ್ನು ರೂಪಿಸಿದ ಜಾನ್ ರೋಬ್ಲಿಂಗರು ಕಟ್ಟಡದ ಕೆಲಸ ತೊಡಗುವ ಮುನ್ನವೇ, 1869ರಲ್ಲಿ, ಕಾಲಿನ ಗಾಯಕ್ಕೆ ಧನುರ್ವಾಯು ತಗಲಿ ತೀರಿಕೊಂಡರು. ಹೊಣೆ ಮಗ ವಾಷಿಂಗ್ಟನ್ನರ ಹೆಗಲಿಗೆ ಬಿತ್ತು. ತಳವಿಲ್ಲದ ಭಾರಿ ಮರದ ಪೆಟ್ಟಿಗೆಯನ್ನು ನೀರಿಗಿಳಿಸಿ, ಗಾಳಿಯನ್ನು ಒತ್ತಿ ತುಂಬಿ, ನೀರನ್ನು ಹೊರಗಟ್ಟಿ, ಅದರೊಳಗೆ ಕೂಲಿಗಳು ಅಗೆಯುತ್ತಿದ್ದರು. ಮೇಲೆ ಕಲ್ಲು ಕಟ್ಟಿದಂತೆಲ್ಲ ಪೆಟ್ಟಿಗೆ ಇಳಿಯುತ್ತಿತ್ತು. ಅವರಲ್ಲಿ ಅನೇಕರು ಐರ್ಲೆಂಡಿನಿಂದ ವಲಸೆ ಬಂದ ಬಡವರು. ಆಳ ಹೆಚ್ಚಿದಷ್ಟೂ ಗಾಳಿಯ ಒತ್ತಡವೂ ಹೆಚ್ಚಬೇಕು. ಅದರಿಂದ ಅವಸರದಲ್ಲಿ ಹೊರಬಂದವರ ರಕ್ತದಲ್ಲಿ ಸಾರಜನಕವು ಗುಳ್ಳೆಯಾಗುತ್ತದೆ, ಕೀಲುಗಳು ಸೆಟೆಯುತ್ತವೆ. ಕೆಲವರು ಸತ್ತೇಹೋದರು. ಬಹಳ ನಿಧಾನವಾಗಿ ಹೊರತರಬೇಕೆಂಬುದು ಆಗಿನ್ನೂ ಸರಿಯಾಗಿ ತಿಳಿದಿರಲಿಲ್ಲ.

1872ರ ಮೇ ತಿಂಗಳಲ್ಲಿ ಮ್ಯಾನ್‌ಹ್ಯಾಟನ್ ಕಡೆಯ ಪೆಟ್ಟಿಗೆ 78 ಅಡಿ ಮುಟ್ಟಿತ್ತು. ಬಂಡೆ ಇನ್ನೂ ಕೆಳಗೆ, ಅದೂ ಏರುತಗ್ಗಾಗಿ. ಮುಂದುವರಿದರೆ ಮತ್ತಷ್ಟು ಹೆಣಗಳು. ವಾಷಿಂಗ್ಟನ್ನರು ಅಲ್ಲಿನ ಮರಳನ್ನು ಪರೀಕ್ಷಿಸಿದರು. ಯುಗಯುಗಗಳಿಂದ ಕದಲದೆ ಒತ್ತಾಗಿ ಕುಳಿತ ಮರಳು ಅದು. ಇಷ್ಟು ಸಾಕೆಂದು ಅಗೆತ ನಿಲ್ಲಿಸಿದರು. ಮರಳಿನ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ಬಲ್ಲ ನಿಮಗೆ ಇದು ಅಚ್ಚರಿಯಾದೀತು! ಆದರೆ ಸೇತುವೆಯ ಉದ್ದಗಲಗಳಿಗಿಂತ ಆ ಒಂದು ತೀರ್ಮಾನವೇ ದೊಡ್ಡದೆಂದು ನನಗೆ ತೋರುತ್ತದೆ.

ಅದೇ ವ್ಯಾಧಿಯಿಂದ ಅವರ ಆರೋಗ್ಯವೂ ಮುರಿಯಿತು. ಮುಂದೆ ಮನೆಯ ಕಿಟಕಿಯಿಂದ ಕೆಲಸವನ್ನು ನೋಡಿದರು. ಪತ್ನಿ ಎಮಿಲಿಯವರು ತಾವೇ ಗಣಿತವನ್ನೂ ಸೇತುಶಾಸ್ತ್ರವನ್ನೂ ಕಲಿತು, ಪತಿಯ ಸೂಚನೆಗಳನ್ನು ಇಂಜಿನಿಯರರಿಗೆ ತಲುಪಿಸಿದರು. 1883ರ ಮೇ 24ರಂದು ಸೇತುವೆ ತೆರೆಯಿತು. ಮ್ಯಾನ್‌ಹ್ಯಾಟನ್ ಗೋಪುರವು ಇಂದಿಗೂ ಆ ಮರಳಿನ ಮೇಲೆಯೇ ನಿಂತಿದೆ.