ಹಳೆಯ ಕಾರಿನ ಎಣ್ಣೆ ಸೋರಿಕೆ

ಸಂಸ್ಕೃತದಲ್ಲಿ ಸ್ನೇಹವೆಂಬ ಮಾತಿಗೆ ಪ್ರೀತಿಯೆಂದೂ ಅರ್ಥವುಂಟು, ಎಣ್ಣೆಯೆಂದೂ ಅರ್ಥವುಂಟು. ಎರಡರ ಕೆಲಸವೂ ಒಂದೇ. ಒಂದಕ್ಕೊಂದು ತಿಕ್ಕಾಡುವುದನ್ನು ತಗ್ಗಿಸುವುದು. ಆದರೆ ಹಳೆಯ ಕಾರನ್ನು ಸಾಕಿಕೊಂಡವರಿಗೆ ಈ ಸ್ನೇಹವು ಎಂಜಿನ್ನಿನೊಳಗೆ ನಿಲ್ಲದೆ ಅಂಗಳದಲ್ಲಿ ತೊಟ್ಟಿಕ್ಕುವುದೇ ನಿತ್ಯದ ಚಿಂತೆ. ಅದನ್ನು ತಡೆಯುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ನಮಗೆಲ್ಲ ಪರಿಚಿತವಾದ ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮಾದರಿಯಲ್ಲಿ, ಬಂಗಾಳದ ಉತ್ತರಪಾರಾದಲ್ಲಿ, 1950ರ ದಶಕದ ಕೊನೆಯಿಂದ 2014ರವರೆಗೆ ಅದು ತಯಾರಾಯಿತು. ಬಹುಕಾಲ ಅದನ್ನು ಎಳೆದದ್ದು 1489 ಸಿ.ಸಿ. ಪೆಟ್ರೋಲ್ ಎಂಜಿನ್. ಎಣ್ಣೆ ತೀರ ಇಳಿದರೆ ಬೇರಿಂಗುಗಳು ಸುಟ್ಟು ಆ ಎಂಜಿನ್ನೇ ಕೆಟ್ಟೀತು. ಕಾರಿನ ತಯಾರಿಕೆಯೇ ನಿಂತಿರುವಾಗ ಬದಲಿ ಎಂಜಿನ್ ಹುಡುಕುವುದು ಸುಲಭವಲ್ಲ. ಆದ್ದರಿಂದ ಸೋರಿಕೆಯನ್ನು ಅಲಕ್ಷಿಸುವಂತಿಲ್ಲ.

ಮೊದಲನೆಯ ಮಾತು, ಎಣ್ಣೆ ಬಿದ್ದ ಜಾಗವೇ ಸೋರಿದ ಜಾಗವಲ್ಲ. ಹಂಚಿನ ಮನೆಯಲ್ಲಿ ಹಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆಯಲ್ಲವೆ? ಇಲ್ಲಿಯೂ ಹಾಗೆಯೇ. ಮೇಲಿನ ಮುಚ್ಚಳದಿಂದ ಹೊರಟ ಎಣ್ಣೆ, ಗಾಡಿ ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಿದು, ತಳದ ತುದಿಯಲ್ಲಿ ಹನಿಯಾಗುತ್ತದೆ. ಅದನ್ನು ಕಂಡು ತಳದ ಬೋಲ್ಟುಗಳನ್ನು ತಿರುಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಆದಕಾರಣ ಬ್ಯಾಟರಿಯ ತಂತಿಯನ್ನು ಕಳಚಿ, ಎಂಜಿನ್ ತಣ್ಣಗಿರುವಾಗಲೇ ಸೀಮೆಎಣ್ಣೆಯಿಂದ ಉಜ್ಜಿ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ. ಅನುಮಾನವಿರುವ ಕಡೆ ಮೈಗೆ ಹಚ್ಚುವ ಪೌಡರನ್ನು ಉದುರಿಸಿ, ಒಂದೆರಡು ಮೈಲಿ ಓಡಿಸಿ ಬನ್ನಿ. ಬಳಿಕ ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ, ಮೊದಲು ಒದ್ದೆಯಾದ ಜಾಗವೇ ಮೂಲ.

ಎರಡನೆಯ ಮಾತು, ಎಂಜಿನ್ನಿಗೂ ಉಸಿರಾಡಲು ದಾರಿ ಬೇಕು. ಪಿಸ್ಟನ್ನಿನ ಪಕ್ಕದಿಂದ ಸ್ವಲ್ಪ ಅನಿಲ ಯಾವಾಗಲೂ ಕೆಳಗೆ ಜಾರುತ್ತದೆ. ಅದು ಹೊರಟುಹೋಗಲೆಂದೇ ಗಾಳಿಕೊಳವೆಗಳಿವೆ. ಅವು ಜಿಡ್ಡಿನಿಂದ ಕಟ್ಟಿಕೊಂಡರೆ, ಮುಚ್ಚಿದ ಪಾತ್ರೆಯಲ್ಲಿ ಅನ್ನ ಉಕ್ಕಿದಂತೆ, ಒಳಗಿನ ಒತ್ತಡವು ಎಣ್ಣೆಯನ್ನು ಸಿಕ್ಕ ಸಂದಿನಿಂದಲೆಲ್ಲ ಹೊರದೂಡುತ್ತದೆ. ಕೊಳವೆಗಳನ್ನು ಶುಚಿಮಾಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಪ್ರಯೋಜನವಿಲ್ಲ. ಕೊಳವೆ ಶುಚಿಯಾಗಿದ್ದೂ, ಎಣ್ಣೆ ಸುರಿಯುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬಂದರೆ, ಪಿಸ್ಟನ್ ರಿಂಗುಗಳು ಸವೆದಿವೆ ಎಂದು ತಿಳಿಯಬೇಕು. ಅದು ಗ್ಯಾಸ್ಕೆಟ್ಟಿನಿಂದ ವಾಸಿಯಾಗುವ ರೋಗವಲ್ಲ.

ಮೂರನೆಯ ಮಾತು, ಬಿಗಿ ಹೆಚ್ಚಾದರೆ ಸೋರಿಕೆಯೂ ಹೆಚ್ಚುತ್ತದೆ. ರಾಕರ್ ಮುಚ್ಚಳವನ್ನು ಹಿಡಿದಿರುವುದು ಎರಡೇ ನಟ್ಟುಗಳು. ಪಕ್ಕದ ಟ್ಯಾಪೆಟ್ ಮುಚ್ಚಳಗಳಿಗೆ ನಡುವೆ ಒಂದೊಂದೇ ಬೋಲ್ಟು. ಇವು ತೆಳು ತಗಡಿನವು. ಬಲವಾಗಿ ತಿರುಚಿದರೆ ತಗಡು ಬಾಗುತ್ತದೆ, ಕೆಳಗಿನ ಕಾರ್ಕಿನ ಗ್ಯಾಸ್ಕೆಟ್ ಜಜ್ಜಿಹೋಗುತ್ತದೆ. ಬಾಗಿದ ಅಂಚನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮಮಾಡಿ. ಹಳೆಯ ಅಂಟನ್ನು ಪೂರ್ತಿ ಕೆರೆದು, ಹೊಸ ಗ್ಯಾಸ್ಕೆಟ್ ಇಟ್ಟು, ಅದು ಅದುಮಿಕೊಳ್ಳುವಷ್ಟು ಮಾತ್ರ ಬಿಗಿಮಾಡಿ. ಅಂಟುಮದ್ದನ್ನು ದಪ್ಪಗೆ ಬಳಿಯುವ ಚಾಳಿ ಅಪಾಯಕರ. ಒಳಕ್ಕೆ ಹಿಸುಕಿದ ಅಂಟು ಕಳಚಿ ಬಿದ್ದು, ಎಣ್ಣೆ ಪಂಪಿನ ಜರಡಿಯನ್ನು ಕಟ್ಟೀತು. ಎಣ್ಣೆ ಇಳಿಸುವ ಬೋಲ್ಟಿನ ತಾಮ್ರದ ವಾಷರ್ ಗಡುಸಾಗಿದ್ದರೆ ಕೆಂಪಗೆ ಕಾಯಿಸಿ ಆರಿಸಿರಿ, ಮತ್ತೆ ಮೆದುವಾಗುತ್ತದೆ.

ಕೊನೆಯ ಮಾತು, ಎಲ್ಲ ಹನಿಯೂ ರೋಗವಲ್ಲ. ಈ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ರಬ್ಬರ್ ಸೀಲಿಲ್ಲ. ತಿರುಪಿನಂಥ ಗಾಡಿಯೊಂದನ್ನು ಕೊರೆದಿದ್ದಾರೆ. ಶಾಫ್ಟು ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೇ ತಳ್ಳುತ್ತದೆ. ಎಂಜಿನ್ ನಿಂತರೆ ತಳ್ಳುವ ಕೆಲಸವೂ ನಿಲ್ಲುತ್ತದೆ. ಹೀಗಾಗಿ ನಿಲ್ಲಿಸಿದ ಮೇಲೆ ಒಂದೆರಡು ಹನಿ ಬೀಳುವುದು ಅದರ ಹುಟ್ಟುಗುಣ. ಆ ಎಣ್ಣೆ ಹೊರಬರುವ ತಳದ ರಂಧ್ರವನ್ನು ಮಾತ್ರ ಎಂದಿಗೂ ಮುಚ್ಚಬೇಡಿ. ಮುಚ್ಚಿದರೆ ಎಣ್ಣೆ ಕ್ಲಚ್ ತಟ್ಟೆಯನ್ನು ಸೇರುತ್ತದೆ. ಹನಿ ಧಾರೆಯಾದರೆ, ಅಥವಾ ಕ್ಲಚ್ ಜಾರತೊಡಗಿದರೆ, ಆಗ ನುರಿತ ಮೆಕ್ಯಾನಿಕ್ಕನಿಂದ ಬಿಚ್ಚಿಸಿ ನೋಡುವುದೇ ಸರಿ.

ಅಲ್ಲಿಯವರೆಗೆ ಕೆಳಗೊಂದು ತಟ್ಟೆ ಇಡಿ. ಬೆಳಗ್ಗೆ ಹೊರಡುವ ಮುನ್ನ, ಸಮನೆಲದಲ್ಲಿ, ಡಿಪ್‌ಸ್ಟಿಕ್ಕನ್ನು ಒರೆಸಿ ಅದ್ದಿ ನೋಡಿ, ಕಡಮೆಯಾದಷ್ಟನ್ನು ತುಂಬಿಸಿ. ತಟ್ಟೆಯಲ್ಲಿ ಕೂಡಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ ಗ್ಯಾರೇಜಿಗೆ ಒಪ್ಪಿಸಿ. ಎಂಜಿನ್ನನ್ನು ಕಾಪಾಡುವುದು ಒಣಗಿದ ಅಂಗಳವಲ್ಲ, ಒಳಗೆ ಅಳತೆಗೆ ಸರಿಯಾಗಿ ನಿಂತ ಎಣ್ಣೆ.