ದೂರದ ಕರೆಗೆ ಓಗೊಡುವ ಗಣಕ



ಬಾಗಲಕೋಟೆ ಜಿಲ್ಲೆಯ ಐಹೊಳೆ ಎಂದೊಡನೆ ನಿಮ್ಮ ಕಣ್ಣಮುಂದೆ ನಿಲ್ಲುವುದು ಮಲಪ್ರಭೆಯ ಬಳಿಯ ಗುಡಿಗಳು, ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಮೇಗುತಿ ಬಸದಿ. ಇದೇ ಊರಿನ ಹೆಸರು ಹೊತ್ತು ಬೆಳೆದ ಇನ್ನೊಂದು ಸಂಸ್ಥೆಯೂ ಇತ್ತು. ಅದು ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ. ಇವರ ಶಾಸನಗಳು ದಕ್ಷಿಣ ಭಾರತದ ಉದ್ದಗಲಕ್ಕೂ ದೊರೆತಿವೆ. ಸಮುದ್ರದಾಚೆ ಸುಮಾತ್ರಾ ದ್ವೀಪದ ಬಾರೂಸ್ ಬಳಿಯಲ್ಲಿಯೂ ಈ ಸಂಘವನ್ನು ಹೆಸರಿಸುವ 1088ರ ತಮಿಳು ಶಾಸನವೊಂದು ಸಿಕ್ಕಿದೆ.

ಈಗ ಒಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಐಹೊಳೆಯ ವರ್ತಕನೊಬ್ಬ ದೂರದ ಬಂದರಿನಲ್ಲಿರುವ ತನ್ನ ಗುಮಾಸ್ತನಿಗೆ, 'ಇಪ್ಪತ್ತು ಹೇರು ಮೆಣಸು ಕಳುಹಿಸು' ಎಂದು ಓಲೆ ಬರೆಯುತ್ತಾನೆ. ತಿಂಗಳು ಕಳೆದರೂ ಉತ್ತರವಿಲ್ಲ. ಓಲೆ ದಾರಿಯಲ್ಲಿ ಕಳೆಯಿತೋ? ಗುಮಾಸ್ತನೇ ಕಾಯಿಲೆ ಬಿದ್ದನೋ? ಮೆಣಸು ಹೊರಟು, ಅವನು ಬರೆದ ಉತ್ತರ ಮಾತ್ರ ಕಳೆದುಹೋಯಿತೋ? ವರ್ತಕನಿಗೆ ತಿಳಿಯುವ ದಾರಿಯಿಲ್ಲ. ಅವನು ಮತ್ತೊಂದು ಓಲೆ ಬರೆದರೆ, ಇಪ್ಪತ್ತರ ಬದಲು ನಲವತ್ತು ಹೇರು ಬಂದು ಬಾಗಿಲಲ್ಲಿ ನಿಲ್ಲಬಹುದು. ಬರೆಯದಿದ್ದರೆ ಒಂದೂ ಬಾರದಿರಬಹುದು.

ಗಣಕಗಳ ಜಾಲದಲ್ಲಿ ಇದೇ ಪ್ರಶ್ನೆ ಪ್ರತಿ ಕ್ಷಣವೂ ಏಳುತ್ತದೆ. ಅದನ್ನು ಇಂದು ನಾವು ಓಲೆ ಪಡೆದವನ ಕಡೆಯಿಂದ, ಎಂದರೆ ಸರ್ವರ್ ಕಡೆಯಿಂದ ನೋಡೋಣ.

ಪ್ರೋಗ್ರಾಮ್ ಬರೆದು ಅಭ್ಯಾಸವಿರುವವರಿಗೆ ಪ್ರೊಸೀಜರ್ ಎಂದರೇನೆಂದು ಗೊತ್ತು. ಒಂದು ಕೆಲಸಕ್ಕೆ ಒಂದು ಹೆಸರಿಟ್ಟು, ಬೇಕಾದಾಗ ಆ ಹೆಸರಿನಿಂದ ಕರೆಯುವುದು. ಅದೇ ಯಂತ್ರದೊಳಗಿನ ಕರೆಯಲ್ಲಿ ಗೊಂದಲವಿಲ್ಲ. ಕರೆದಿರಿ, ಕೆಲಸವಾಯಿತು, ಉತ್ತರ ಬಂತು. ಯಂತ್ರ ಕೆಟ್ಟರೆ ಕರೆದವನೂ ಓಗೊಡುವವನೂ ಒಟ್ಟಿಗೇ ನಿಲ್ಲುತ್ತಾರೆ. ದೂರದ ಇನ್ನೊಂದು ಯಂತ್ರದಲ್ಲಿರುವ ಪ್ರೊಸೀಜರನ್ನೂ ಇಷ್ಟೇ ಸುಲಭವಾಗಿ ಕರೆಯಲಾಗದೇ? ಈ ವಿಚಾರವನ್ನು ಬ್ರೂಸ್ ಜೇ ನೆಲ್ಸನ್ 1981ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ತಮ್ಮ ಪ್ರಬಂಧದಲ್ಲಿ ವಿಸ್ತಾರವಾಗಿ ಚರ್ಚಿಸಿದರು. 1984ರಲ್ಲಿ ಅವರೂ ಆಂಡ್ರ್ಯೂ ಬಿರೆಲ್ ಅವರೂ ಸೇರಿ, ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ತಾವು ಕಟ್ಟಿದ ವ್ಯವಸ್ಥೆಯನ್ನು ವಿವರಿಸುವ ಲೇಖನ ಪ್ರಕಟಿಸಿದರು. ಈ ವಿಧಾನಕ್ಕೆ ರಿಮೋಟ್ ಪ್ರೊಸೀಜರ್ ಕಾಲ್, ಸಂಕ್ಷಿಪ್ತವಾಗಿ ಆರ್‌ಪಿಸಿ ಎಂದು ಹೆಸರು. ನಾವು ಇದನ್ನು ದೂರಕರೆ ಎನ್ನೋಣ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ರೂಪಿಸಿದ ದೂರಕರೆಯ ನಿಯಮಗಳು 1988ರಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟವಾದವು. ಒಂದು ಯಂತ್ರದ ಕಡತಗಳನ್ನು ಇನ್ನೊಂದು ಯಂತ್ರದಿಂದ ಬಳಸಲು ನೆರವಾಗುವ ಎನ್‌ಎಫ್‌ಎಸ್ ಎಂಬ ವ್ಯವಸ್ಥೆ ನಿಂತಿರುವುದು ಇದರ ಮೇಲೆ.

ಸರ್ವರ್ ಮಾಡುವ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲನೆಯದು, ತಾನಿರುವ ಸ್ಥಳವನ್ನು ತಿಳಿಸುವುದು. ಸನ್ ಪದ್ಧತಿಯಲ್ಲಿ ಪ್ರತಿಯೊಂದು ಸೇವೆಗೂ ಒಂದು ಸಂಖ್ಯೆ ಇದೆ. ಎನ್‌ಎಫ್‌ಎಸ್‌ನ ಸಂಖ್ಯೆ 100003. ಸೇವೆ ಆರಂಭವಾದಾಗ ಅದು ತನ್ನ ಸಂಖ್ಯೆಯನ್ನೂ ತಾನು ಕುಳಿತಿರುವ ಬಾಗಿಲನ್ನೂ, ಎಂದರೆ ಪೋರ್ಟನ್ನೂ, ಪೋರ್ಟ್‌ಮ್ಯಾಪರ್ ಎಂಬ ಸಹಾಯಕನಲ್ಲಿ ಬರೆಸುತ್ತದೆ. ಆ ಸಹಾಯಕ ಮಾತ್ರ ಸದಾ 111ನೆಯ ಬಾಗಿಲಲ್ಲೇ ಕುಳಿತಿರುತ್ತಾನೆ. ಹೊಸದಾಗಿ ಬಂದವರು ಅವನನ್ನು ಕೇಳಿ ತಮಗೆ ಬೇಕಾದ ಕಡೆಗೆ ಹೋಗುತ್ತಾರೆ. ದೊಡ್ಡ ಕಚೇರಿಯ ಬಾಗಿಲಲ್ಲಿ 'ವಿಚಾರಿಸಿ' ಎಂಬ ಫಲಕದ ಕೆಳಗೆ ಒಬ್ಬರು ಕುಳಿತಿರುತ್ತಾರಲ್ಲ, ಹಾಗೆ.

ಎರಡನೆಯದು, ಕಾಯುವುದು. ಸರ್ವರ್ ತಾನಾಗಿ ಯಾರನ್ನೂ ಕರೆಯುವುದಿಲ್ಲ. ಕರೆ ಬಂದಾಗ ಎಚ್ಚರಗೊಂಡು, ಕೆಲಸ ಮುಗಿಸಿ, ಮತ್ತೆ ಕಾಯತೊಡಗುತ್ತದೆ.

ಮೂರನೆಯದು, ಬಂದ ಕಟ್ಟನ್ನು ಬಿಚ್ಚಿ ಓದುವುದು. ಇಲ್ಲೊಂದು ತೊಡಕಿದೆ. ಎಲ್ಲ ಯಂತ್ರಗಳೂ ಅಂಕಿಗಳನ್ನು ಒಂದೇ ರೀತಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಇಪ್ಪತ್ತು ಎಂಬ ಸಂಖ್ಯೆಯನ್ನು ನಾಲ್ಕು ಬೈಟುಗಳಲ್ಲಿ ಬರೆಯುವಾಗ ಕೆಲವು ಯಂತ್ರಗಳು ದೊಡ್ಡ ತುದಿಯನ್ನು ಮೊದಲು ಇಡುತ್ತವೆ, ಇಂಟೆಲ್ ಮಾದರಿಯವು ಚಿಕ್ಕ ತುದಿಯನ್ನು ಮೊದಲು ಇಡುತ್ತವೆ. ಒಂದರ ಬರಹವನ್ನು ಇನ್ನೊಂದು ತನ್ನ ಕ್ರಮದಲ್ಲಿಯೇ ಓದಿದರೆ ಇಪ್ಪತ್ತು ಹೇರು ಮೆಣಸು 33,55,44,320 ಹೇರು ಆಗಿಬಿಡುತ್ತದೆ! ಆದ್ದರಿಂದ ಜಾಲದ ಮೇಲೆ ಸಾಗುವಾಗ ಎಲ್ಲರೂ ಒಂದೇ ಲಿಪಿ ಬಳಸಬೇಕೆಂದು ಒಪ್ಪಂದವಿದೆ. ಸನ್ ಪದ್ಧತಿಯ ಲಿಪಿಗೆ ಎಕ್ಸ್‌ಡಿಆರ್ ಎಂದು ಹೆಸರು. ಅದರಲ್ಲಿ ದೊಡ್ಡ ತುದಿ ಮೊದಲು, ಪ್ರತಿಯೊಂದು ಅಂಶವೂ ನಾಲ್ಕು ಬೈಟುಗಳ ಲೆಕ್ಕದಲ್ಲಿ.

ನಾಲ್ಕನೆಯದು, ಪರೀಕ್ಷಿಸುವುದು. ಕೇಳಿದ ಸೇವೆ ಇಲ್ಲಿದೆಯೇ? ಅದೇ ಆವೃತ್ತಿಯದೇ? ಆ ಪ್ರೊಸೀಜರ್ ಅದರಲ್ಲಿದೆಯೇ? ಕೊಟ್ಟ ವಿವರ ಓದಲು ಬರುವಂತಿದೆಯೇ? ಕೇಳುವವರಿಗೆ ಅಧಿಕಾರವಿದೆಯೇ? ಒಂದೊಂದಕ್ಕೂ ಬೇರೆ ಬೇರೆ ಉತ್ತರವಿದೆ. 'ಆಗದು' ಎಂದು ಹೇಳುವುದೂ ಉತ್ತರವೇ. ಅದು ಸುಮ್ಮನಿರುವುದಕ್ಕಿಂತ ಎಷ್ಟೋ ಮೇಲು. ಸಂಖ್ಯೆ ಸೊನ್ನೆಯ ಪ್ರೊಸೀಜರ್ ಏನನ್ನೂ ಮಾಡುವುದಿಲ್ಲ, ಬರಿದೇ ಉತ್ತರ ಕೊಡುತ್ತದೆ ಎಂಬುದು ರೂಢಿ. 'ಇದ್ದೀಯಾ?' ಎಂದರೆ 'ಇದ್ದೇನೆ' ಎನ್ನಲಿಕ್ಕೆ ಅದು ಬೇಕು.

ಐದನೆಯದು, ಕೆಲಸ ಮಾಡಿ, ಉತ್ತರವನ್ನು ಅದೇ ಲಿಪಿಯಲ್ಲಿ ಕಟ್ಟಿ ಕಳುಹಿಸುವುದು.

ಇಷ್ಟಾದರೆ ಸರ್ವರ್ ಸಿದ್ಧವಾಯಿತೇ? ಪುಸ್ತಕದ ಮಟ್ಟಿಗೆ ಆಯಿತು. ಮೆಣಸಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಕರೆದವನಿಗೆ ಉತ್ತರ ಬಾರದಿರಲು ಮುಖ್ಯವಾಗಿ ಮೂರು ಕಾರಣಗಳು. ಕರೆ ಕಳೆದಿರಬಹುದು, ಸರ್ವರ್ ನಡುವೆ ನಿಂತಿರಬಹುದು, ಉತ್ತರ ಕಳೆದಿರಬಹುದು. ಕರೆದವನಿಗೆ ಮೂರೂ ಒಂದೇ ಮೌನವಾಗಿ ಕೇಳಿಸುತ್ತವೆ. ಅವನು ಸ್ವಲ್ಪ ಕಾದು ಮತ್ತೆ ಕರೆಯುತ್ತಾನೆ, ಅದು ಸಹಜ. ಜಾಲದ ಸಂಪರ್ಕ ಎಷ್ಟು ಗಟ್ಟಿಯಾಗಿದ್ದರೂ ಅದು ಕಡಿದುಹೋಗುವ ಗಳಿಗೆ ಇದ್ದೇ ಇದೆ. ಹೀಗಾಗಿ ಒಂದೇ ಕರೆ ಎರಡು ಸಲ ಬರುವುದು ಸರ್ವರಿಗೆ ಅಪರೂಪದ ಘಟನೆಯಲ್ಲ, ದಿನನಿತ್ಯದ ಸಂಗತಿ.

ಇದರಿಂದ ತೊಂದರೆ ಆಗುತ್ತದೆಯೇ ಇಲ್ಲವೇ ಎಂಬುದು ಕೆಲಸದ ಸ್ವಭಾವವನ್ನು ಅವಲಂಬಿಸಿದೆ. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ.

2000ದ ಸುಮಾರಿಗೆ ಕರ್ನಾಟಕ ಸರ್ಕಾರ ಭೂಮಿ ಎಂಬ ಯೋಜನೆಯಡಿ ಜಮೀನಿನ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಅದರಲ್ಲಿ ಸೇರಿದವು. ಪಹಣಿ ಎಂದರೆ ಬಾಗಲಕೋಟೆ, ವಿಜಯಪುರ, ಧಾರವಾಡಗಳ ಕಡೆ ಜನ 'ಉತಾರ' ಎನ್ನುವ ಪತ್ರ. ಹಿಂದೆ ಇದಕ್ಕಾಗಿ ತಲಾಟಿಯವರ ದಪ್ತರವನ್ನೇ ನಂಬಿಕೊಂಡಿರಬೇಕಿತ್ತು. ಭೂಮಿ ಬಂದ ಮೇಲೆ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಮುದ್ರಿತ ಉತಾರ ಸಿಗತೊಡಗಿತು. ಈಗ ಐಹೊಳೆಯ ರೈತರೊಬ್ಬರು ತಮ್ಮ ಹೊಲದ ಸರ್ವೆ ನಂಬರ್ ಕೊಟ್ಟು ಅದನ್ನು ಮೊಬೈಲಿನಲ್ಲಿಯೇ ನೋಡಬಹುದು. ಹಾಗೆ ನೋಡುವಾಗ ಅವರ ಫೋನು ದೂರದ ಸರ್ವರನ್ನು ಕರೆಯುತ್ತದೆ. ಒಳಗಿನ ತಂತ್ರದ ಹೆಸರು ಯಾವುದೇ ಇರಲಿ, ಇಂಥ ಪ್ರತಿಯೊಂದು ವ್ಯವಸ್ಥೆಯ ಮುಂದಿರುವ ಪ್ರಶ್ನೆ ಅದೇ.

ಉತಾರವನ್ನು ಒಂದು ಸಲ ನೋಡಿದರೂ ಹತ್ತು ಸಲ ನೋಡಿದರೂ ಹೊಲ ಅಷ್ಟೇ ಇರುತ್ತದೆ. ಎಷ್ಟು ಸಲ ಮಾಡಿದರೂ ಫಲ ಒಂದೇ ಆಗಿರುವ ಇಂಥ ಕೆಲಸಗಳಲ್ಲಿ ಮರುಕರೆಯಿಂದ ಅಪಾಯವಿಲ್ಲ. ಆದರೆ ಬ್ಯಾಂಕಿನ ಸಾಲವನ್ನು ಉತಾರದ ಮೇಲೆ ಬೋಜಾ ಏರಿಸುವ ಕರೆ ಎರಡು ಸಲ ನಡೆದರೆ? ಐವತ್ತು ಸಾವಿರದ ಸಾಲ ದಾಖಲೆಯಲ್ಲಿ ಎರಡು ಸಾಲವಾಗಿ ಕಾಣಬಹುದು. ಶುಲ್ಕವನ್ನು ಖಾತೆಯಿಂದ ಕಡಿತ ಮಾಡುವ ಕರೆ ಎರಡು ಸಲ ನಡೆದರೆ? ಹಣ ಎರಡು ಸಲ ಹೋಗುತ್ತದೆ. ಸಾಲ ಕೇಳಲು ಬ್ಯಾಂಕಿಗೆ ಹೋದ ರೈತರಿಗೆ ಆ ಒಂದು ತಪ್ಪು ಸಾಲಿನಿಂದ ಬಿತ್ತನೆಯ ಹಂಗಾಮೇ ಕೈತಪ್ಪಬಹುದು. ಜಾಲದ ಒಂದು ತುಣುಕು ಕಳೆದುಹೋದದ್ದಕ್ಕೆ ಹೊಲದಲ್ಲಿರುವವರು ದಂಡ ತೆರಬೇಕೇ?

ಪರಿಹಾರವನ್ನು ನಮ್ಮ ಹಳೆಯ ಕಚೇರಿಗಳಲ್ಲಿಯೇ ಕಾಣಬಹುದು. ಅರ್ಜಿ ಬಂದ ಕೂಡಲೇ ಅದನ್ನು ಆವಕ ಪುಸ್ತಕದಲ್ಲಿ ಬರೆದು ನಂಬರ್ ಹಾಕುತ್ತಾರೆ. ಅದೇ ಅರ್ಜಿಯ ಇನ್ನೊಂದು ಪ್ರತಿ ಬಂದರೆ ಪುಸ್ತಕ ತಿರುವಿ, 'ಇದಕ್ಕೆ ಆಗಲೇ ಉತ್ತರ ಕೊಟ್ಟಿದೆ, ಇದೋ ನಕಲು' ಎನ್ನುತ್ತಾರೆ. ದೂರಕರೆಯಲ್ಲೂ ಹಾಗೆಯೇ. ಒಂದು ವ್ಯತ್ಯಾಸವೆಂದರೆ ಇಲ್ಲಿ ನಂಬರ್ ಹಾಕುವುದು ಕರೆಯುವವನ ಕೆಲಸ. ಮರುಕರೆಯಲ್ಲಿಯೂ ಅವನು ಹಳೆಯ ನಂಬರನ್ನೇ ಬಳಸಬೇಕು. ಸರ್ವರ್ ಆ ನಂಬರನ್ನೂ ತಾನು ಕೊಟ್ಟ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತದೆ. ಅದೇ ನಂಬರ್ ಮತ್ತೆ ಬಂದರೆ ಕೆಲಸವನ್ನು ಮಾಡದೆ ಹಳೆಯ ಉತ್ತರವನ್ನೇ ಕಳುಹಿಸುತ್ತದೆ. ಮೊದಲ ಕರೆಯ ಕೆಲಸ ಇನ್ನೂ ನಡೆದಿರುವಾಗಲೇ ಮರುಕರೆ ಬಂದರೆ ಅದನ್ನು ಬದಿಗಿಡುತ್ತದೆ.

ಎನ್‌ಎಫ್‌ಎಸ್ ಈ ಪಾಠವನ್ನು ಅನುಭವದಿಂದ ಕಲಿಯಿತು. ಕಡತವೊಂದನ್ನು ಅಳಿಸು ಎಂಬ ಕರೆ ಹೋಗುತ್ತದೆ, ಕಡತ ಅಳಿಯುತ್ತದೆ, ಉತ್ತರ ಕಳೆಯುತ್ತದೆ. ಮರುಕರೆಗೆ ಸರ್ವರ್ 'ಅಂಥ ಕಡತವೇ ಇಲ್ಲ' ಎನ್ನುತ್ತದೆ. ಕೆಲಸ ಸರಿಯಾಗಿ ಆಗಿದ್ದರೂ ಕರೆದವನಿಗೆ ಅದು ದೋಷವಾಗಿ ಕಾಣುತ್ತದೆ! ಡಿಜಿಟಲ್ ಸಂಸ್ಥೆಯ ಚೆಟ್ ಜಸ್ಚಾಕ್ ಅವರು 1989ರಲ್ಲಿ, ಇತ್ತೀಚಿನ ಕರೆಗಳನ್ನೂ ಉತ್ತರಗಳನ್ನೂ ನೆನಪಿಟ್ಟುಕೊಂಡರೆ ಸರ್ವರ್ ಹೆಚ್ಚು ಸರಿಯಾಗಿಯೂ ವೇಗವಾಗಿಯೂ ನಡೆಯುತ್ತದೆಂದು ತೋರಿಸಿಕೊಟ್ಟರು.

ಇಲ್ಲಿ ನಿಮ್ಮಲ್ಲಿ ಜಾಣರೊಬ್ಬರು ಕೇಳಬಹುದು: 'ವಿದ್ಯುತ್ ಹೋಗಿ ಸರ್ವರ್ ನಿಂತರೆ ಆ ನೆನಪೂ ಹೋಗುವುದಿಲ್ಲವೇ?' ಸರಿಯಾದ ಪ್ರಶ್ನೆ. ಆದ್ದರಿಂದ ಹಣ, ಜಮೀನುಗಳಂಥ ವಿಷಯದಲ್ಲಿ ನಂಬರನ್ನು ಡಿಸ್ಕಿನ ಮೇಲೆ ಬರೆಯಬೇಕು. ಯಾವಾಗ ಬರೆಯಬೇಕು? ಕೆಲಸ ಮಾಡಿದ ನಂತರ ಬರೆಯೋಣವೆಂದರೆ, ಅವೆರಡರ ನಡುವೆ ವಿದ್ಯುತ್ ಹೋದಾಗ ಕೆಲಸ ಎರಡು ಸಲ ಆಗುತ್ತದೆ. ಮೊದಲೇ ಬರೆದಿಟ್ಟರೆ, ಕೆಲಸ ಆಗದೆಯೇ ಆಯಿತೆಂದು ಕಾಣುತ್ತದೆ. ಆದ್ದರಿಂದ ಬೋಜಾದ ಸಾಲು ಮತ್ತು ಕರೆಯ ನಂಬರ್ ಎರಡನ್ನೂ ಒಂದೇ ವ್ಯವಹಾರವಾಗಿ ಬರೆಯಬೇಕು. ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಡೇಟಾಬೇಸುಗಳಲ್ಲಿ ಟ್ರಾನ್ಸಾಕ್ಷನ್ ಎಂಬ ಸೌಕರ್ಯ ಇರುವುದೇ ಇದಕ್ಕಾಗಿ.

ಇನ್ನೊಂದು ಎಚ್ಚರಿಕೆ. ನೂರಾರು ಕರೆಗಳು ಒಟ್ಟಿಗೆ ಬಂದಾಗ ಸರ್ವರ್ ಹಲವು ಕೈಗಳಿಂದ, ಎಂದರೆ ಥ್ರೆಡ್ಡುಗಳಿಂದ, ಕೆಲಸ ಮಾಡುತ್ತದೆ. ಎರಡು ಕೈಗಳು ಒಂದೇ ಸರ್ವೆ ನಂಬರನ್ನು ಏಕಕಾಲಕ್ಕೆ ತಿದ್ದಬಾರದು. ಒಂದು ತಿದ್ದುವಾಗ ಇನ್ನೊಂದು ಕಾಯಬೇಕು. ಸರದಿಗೂ ಬೆಲೆ ಕೊಡಬೇಕು. ಭೂಮಿ ಯೋಜನೆಯಲ್ಲಿ ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ಕೈಗೆತ್ತಿಕೊಳ್ಳುವಂತೆ ಪ್ರೋಗ್ರಾಮನ್ನೇ ರೂಪಿಸಲಾಯಿತು. ಸರದಿಯನ್ನು ಯಂತ್ರವೇ ಕಾಯುವಾಗ ವಶೀಲಿಗೆ ಎಡೆ ಕಡಿಮೆ.

ತರಗತಿಯಲ್ಲಿ ನೀವೇ ಇದನ್ನು ಆಡಿ ನೋಡಬಹುದು. ಗಣಕವೂ ಬೇಡ, ಮೂವರು ಗೆಳೆಯರು ಸಾಕು. ಒಬ್ಬರು ಬ್ಯಾಂಕು, ಒಬ್ಬರು ಟಪಾಲಿನವರು, ಒಬ್ಬರು ಸರ್ವರ್. ಬ್ಯಾಂಕಿನವರು 'ನೂರು ರೂಪಾಯಿ ಸೇರಿಸು' ಎಂದು ಹತ್ತು ಚೀಟಿ ಬರೆಯಲಿ. ಟಪಾಲಿನವರು ಕೆಲವು ಚೀಟಿಗಳನ್ನೂ ಕೆಲವು ಉತ್ತರಗಳನ್ನೂ ತಮಗೆ ತೋಚಿದಂತೆ ಜೇಬಿಗೆ ಹಾಕಿಕೊಳ್ಳಲಿ. ಉತ್ತರ ಬಾರದ ಚೀಟಿಯನ್ನು ಬ್ಯಾಂಕಿನವರು ಮತ್ತೆ ಬರೆದು ಕಳುಹಿಸಲಿ. ಹತ್ತಕ್ಕೂ ಉತ್ತರ ಬಂದ ಮೇಲೆ ಸರ್ವರಿನ ಲೆಕ್ಕ ನೋಡಿ. ಒಂದಾದರೂ ಉತ್ತರ ಕಳೆದಿದ್ದರೆ ಅದು ಸಾವಿರವನ್ನು ಮೀರಿರುತ್ತದೆ. ಎರಡನೆಯ ಸಲ ಪ್ರತಿ ಚೀಟಿಗೂ ನಂಬರ್ ಹಾಕಿ, ಸರ್ವರ್ ಆದವರ ಕೈಗೆ ಒಂದು ಆವಕ ಪುಸ್ತಕ ಕೊಡಿ. ಟಪಾಲಿನವರು ಎಷ್ಟೇ ತುಂಟತನ ಮಾಡಿದರೂ ಲೆಕ್ಕ ಸರಿಯಾಗಿ ಸಾವಿರವೇ ಬರುತ್ತದೆ. ಕಾಲೇಜಿನವರು ಇದನ್ನೇ ಪೈಥಾನ್ ಭಾಷೆಯಲ್ಲಿ ಬರೆಯಬಹುದು. ದೂರಕರೆಗೆ ಬೇಕಾದ ಸಲಕರಣೆ ಆ ಭಾಷೆಯೊಡನೆಯೇ ಬರುತ್ತದೆ.

ಈ ಆಟದಲ್ಲಿ ಒಂದು ಮಾತನ್ನು ಗಮನಿಸಿ. ಟಪಾಲಿನವರನ್ನು ನಾವು ತಿದ್ದಲಿಲ್ಲ, ಜಾಲವನ್ನು ಪೂರ್ತಿಯಾಗಿ ಯಾರೂ ತಿದ್ದಲಾರರು. ಲೆಕ್ಕ ಸರಿಹೋದದ್ದು ಚೀಟಿಗೆ ನಂಬರ್ ಬಂದದ್ದರಿಂದ, ಓಗೊಡುವವರು ತಾವು ಮಾಡಿದ್ದನ್ನು ಬರೆದಿಟ್ಟುಕೊಂಡದ್ದರಿಂದ. ನಾಳೆ ನಿಮ್ಮಲ್ಲಿ ಕೆಲವರು ಆಸ್ಪತ್ರೆಗೆ, ಬ್ಯಾಂಕಿಗೆ, ಕಂದಾಯ ಇಲಾಖೆಗೆ ಸರ್ವರ್ ಪ್ರೋಗ್ರಾಮುಗಳನ್ನು ಬರೆಯುತ್ತೀರಿ. ಮೊದಲ ಸಾಲು ಬರೆಯುವ ಮುನ್ನ ಕೇಳಿಕೊಳ್ಳಿ: 'ಈ ಕರೆ ಎರಡು ಸಲ ಬಂದರೆ ಯಾರಿಗೆ ನಷ್ಟ?' ಆ ಪ್ರಶ್ನೆಗೆ ಪ್ರೋಗ್ರಾಮಿನಲ್ಲಿಯೇ ಉತ್ತರ ಬರೆಯಿರಿ. ಆಗ ಹಳ್ಳಿಯಲ್ಲಿ ಕುಳಿತು ಫೋನಿನ ಗುಂಡಿಯನ್ನು ಆತಂಕದಿಂದ ಎರಡು ಸಲ ಒತ್ತಿದವರ ಹಣವೂ ಹೊಲವೂ ಸುರಕ್ಷಿತವಾಗಿರುತ್ತವೆ.